ಹೊಗೆಯ ರುಚಿಗೆ ಯಾರ ಅಪ್ಪಣೆ ಬೇಕು?

ಅಮೆರಿಕದ ಬಾರ್ಬೆಕ್ಯೂ ಪ್ರಪಂಚದಲ್ಲಿ ಪಂಕ್ತಿಭೇದ ಇದೆ. ಮೊದಲ ಪಂಕ್ತಿಯಲ್ಲಿ ಓಕ್, ಹಿಕರಿ ಕಟ್ಟಿಗೆಯನ್ನೇ ಉರಿಸಿ, ರಾತ್ರಿಯಿಡೀ ಬೆಂಕಿ ಕಾದು ಮಾಂಸ ಬೇಯಿಸುವವರು ಕೂರುತ್ತಾರೆ. ಎರಡನೆಯದರಲ್ಲಿ ಇದ್ದಿಲಿನವರು. ಆಮೇಲೆ ಮರದ ಹೊಟ್ಟನ್ನು ಒತ್ತಿ ಮಾಡಿದ ಪೆಲೆಟ್ ಉರಿಸುವವರು, ಅವರ ಹಿಂದೆ ಗ್ಯಾಸಿನವರು. ಎಲೆಕ್ಟ್ರಿಕ್ ಸ್ಮೋಕರ್ ಇಟ್ಟುಕೊಂಡವರಿಗೆ ಎಲೆಯೇ ಹಾಕುವುದಿಲ್ಲ. ಮಕ್ಕಳು ಆಟಕ್ಕೆ ಕೇಕ್ ಬೇಯಿಸುವ ಬಲ್ಬಿನ ಒಲೆಗೆ ಅದನ್ನು ಹೋಲಿಸಿ ನಗುವುದು ಅಲ್ಲಿಯ ಹಳೆಯ ರೂಢಿ.

ನಾನು ಟೆಕ್ಸಸ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಅಡುಗೆ ಪುಸ್ತಕಗಳಲ್ಲಿ ಅಡುಗೆಯವರ ಶ್ರಮ ಹೇಗೆ ಕಾಣಿಸುತ್ತದೆ, ಹೇಗೆ ಕಾಣೆಯಾಗುತ್ತದೆ ಎನ್ನುವುದು ನನ್ನ ಅಧ್ಯಯನದ ವಿಷಯ. ಇಬ್ಬರು ಗೆಳತಿಯರ ಜೊತೆ ಅಪಾರ್ಟ್‌ಮೆಂಟೊಂದರ ನೆಲಮಹಡಿಯಲ್ಲಿ ಬಾಡಿಗೆಗಿದ್ದೇನೆ. ಮನೆಯ ಹಿಂದೆ ನಾಲ್ಕು ಕುರ್ಚಿ ಹಿಡಿಸುವಷ್ಟು ಸಿಮೆಂಟಿನ ಜಾಗವಿದೆ. ಕಳೆದ ವರ್ಷ ಮೂವರೂ ದುಡ್ಡು ಹಾಕಿ ಒಂದು ಎಲೆಕ್ಟ್ರಿಕ್ ಸ್ಮೋಕರ್ ತಂದೆವು. ಅದನ್ನು ಕೇಳಿದ ಪರಿಚಯದವರೊಬ್ಬರು, "ಅದು ಬಾರ್ಬೆಕ್ಯೂ ಅಲ್ಲ, ಮೋಸ" ಎಂದರು. ತಮಾಷೆಗೆ ಹೇಳಿದ್ದೇ ಇರಬಹುದು. ಆದರೆ ಈ 'ಮೋಸ' ಎನ್ನುವ ಮಾತು ಒಬ್ಬರದಲ್ಲ. ರುಚಿಯ ಬಗ್ಗೆ ಮಾತಾಡುವ ಹೆಸರಿನಲ್ಲಿ ಇನ್ನೇನನ್ನೋ ಕಾಯುವ ಮಾತು ಅದು. ಈ ಬರಹ ಅದರ ವಿರುದ್ಧ.

ಮೊದಲು ಯಂತ್ರದ ಮಾತು. ಎಲೆಕ್ಟ್ರಿಕ್ ಸ್ಮೋಕರ್ ಎಂದರೆ ಚಿಕ್ಕ ಫ್ರಿಜ್ಜಿನ ಆಕಾರದ, ಎರಡು ಪದರದ ಕಬ್ಬಿಣದ ಪೆಟ್ಟಿಗೆ. ಅಡಿಯಲ್ಲಿ ಕರೆಂಟಿನಿಂದ ಕಾಯುವ ಕಾಯಿಲ್ ಇರುತ್ತದೆ, ನಮ್ಮ ನೀರು ಕಾಯಿಸುವ ರಾಡ್ ಇದ್ದಂತೆ. ಅದರ ಪಕ್ಕ ಅಥವಾ ಮೇಲೆ ಮರದ ಚೂರುಗಳ ಸಣ್ಣ ತಟ್ಟೆ, ಅದರ ಮೇಲೆ ನೀರಿನ ಬೋಗುಣಿ, ಅದಕ್ಕೂ ಮೇಲೆ ಜಾಲರಿಗಳು. ಶಾಖ ಇಷ್ಟೇ ಇರಬೇಕು ಎಂದು ಗುಂಡಿ ಒತ್ತಿದರೆ ಥರ್ಮೋಸ್ಟಾಟ್ ಕಾಯಿಲ್ಲನ್ನು ಹಚ್ಚುತ್ತ ಆರಿಸುತ್ತ ಕಾಪಾಡುತ್ತದೆ. ಮರದ ಚೂರು ಉರಿಯುವುದಿಲ್ಲ, ಕನಲುತ್ತದೆ. ಹೊಗೆ ಬರುವುದು ಅದರಿಂದ.

ಅಂದರೆ ಹೊಗೆ ಮರದ್ದೇ. ಬಾಟಲಿಯ ದ್ರವವಲ್ಲ, ಕೃತಕ ಘಮವಲ್ಲ. ಮರವನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಕಾದು ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಎನ್ನುವ ಸಂಯುಕ್ತಗಳು ಹುಟ್ಟುತ್ತವೆ. ನಾವು ಹೊಗೆಯ ರುಚಿ, ಹೊಗೆಯ ವಾಸನೆ ಎನ್ನುವುದು ಬಹುಪಾಲು ಇವನ್ನೇ. ತಮ್ಮನ್ನು ಹುಟ್ಟಿಸಿದ ಶಾಖ ಜ್ವಾಲೆಯದೋ ತಂತಿಯದೋ ಎಂದು ಇವಕ್ಕೆ ಗೊತ್ತಿರುವುದಿಲ್ಲ. ಇನ್ನು ಮಾಂಸ ಮೆತ್ತಗಾಗುವುದಕ್ಕೂ ಬೆಂಕಿಯ ಕುಲಗೋತ್ರಕ್ಕೂ ಸಂಬಂಧವಿಲ್ಲ. ಹಂದಿಯ ಭುಜದ ಮಾಂಸವನ್ನೋ ದನದ ಎದೆಯ ಮಾಂಸವಾದ ಬ್ರಿಸ್ಕೆಟ್ಟನ್ನೋ 107ರಿಂದ 120 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಹತ್ತು ಹನ್ನೆರಡು ಗಂಟೆ ಇಟ್ಟರೆ ಒಳಗಿನ ಕೊಲಾಜೆನ್ ನಾರು ಕರಗಿ ಜೆಲಾಟಿನ್ ಆಗುತ್ತದೆ. ಅದಕ್ಕೆ ಬೇಕಾದದ್ದು ಸಮನಾದ ಶಾಖ ಮತ್ತು ಹೊತ್ತು. ಸಮನಾದ ಶಾಖ ಕೊಡುವುದರಲ್ಲಿ ಥರ್ಮೋಸ್ಟಾಟ್, ನಿದ್ದೆಗಣ್ಣಿನ ಮನುಷ್ಯನಿಗಿಂತ ವಾಸಿ.

ವ್ಯತ್ಯಾಸವೇ ಇಲ್ಲವೆ? ಇದೆ. ಧಗಧಗ ಉರಿವ ಬೆಂಕಿಯಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ಮಾಂಸದ ಬಣ್ಣದ ಜೊತೆ ಕೂಡಿ, ಹೊರಪದರದ ಕೆಳಗೆ ಗುಲಾಬಿ ಬಣ್ಣದ ಒಂದು ಉಂಗುರ ಮೂಡುತ್ತದೆ. ಎಲೆಕ್ಟ್ರಿಕ್ ಪೆಟ್ಟಿಗೆಯಲ್ಲಿ ಅದು ಸಾಮಾನ್ಯವಾಗಿ ಮೂಡುವುದಿಲ್ಲ. ಮಾಂಸದ ಮೇಲೆ ಕಟ್ಟುವ ಕಪ್ಪು ಗಟ್ಟಿ ಪದರವನ್ನು ಇಲ್ಲಿಯವರು ತೊಗಟೆ ಎಂದೇ ಕರೆಯುತ್ತಾರೆ. ಪೆಟ್ಟಿಗೆಯೊಳಗೆ ಗಾಳಿಯ ಓಟ ಕಡಿಮೆ, ತೇವ ಹೆಚ್ಚು, ಹಾಗಾಗಿ ತೊಗಟೆ ತೆಳು. ಕಟ್ಟಿಗೆ ಚೆನ್ನಾಗಿ ಉರಿದಾಗ ಬರುವ ತಿಳಿನೀಲಿ ಹೊಗೆಗೂ ಚೂರು ಕನಲಿದಾಗ ಬರುವ ಬೆಳ್ಳನೆಯ ಹೊಗೆಗೂ ರುಚಿಯಲ್ಲಿ ಅಂತರವಿದೆ. ಇವನ್ನೆಲ್ಲ ಒಪ್ಪುತ್ತೇನೆ. ಆದರೆ ಎಲ್ಲರೂ ಫೋಟೋ ಹಿಡಿಯುವ ಆ ಗುಲಾಬಿ ಉಂಗುರಕ್ಕೆ ರುಚಿಯೇ ಇಲ್ಲ. ಕ್ಯಾನ್ಸಸ್ ಸಿಟಿ ಬಾರ್ಬೆಕ್ಯೂ ಸೊಸೈಟಿಯ ಸ್ಪರ್ಧೆಗಳಲ್ಲಿ ತೀರ್ಪುಗಾರರು ಅದಕ್ಕೆ ಅಂಕ ಕೊಡುವಂತಿಲ್ಲ.

ಆ ಸೊಸೈಟಿಯ ನಿಯಮಗಳೇ ಈ ಪಂಕ್ತಿಯ ಒಳಗುಟ್ಟನ್ನು ಹೇಳುತ್ತವೆ. ಸ್ಪರ್ಧೆಯಲ್ಲಿ ಕಟ್ಟಿಗೆ, ಇದ್ದಿಲು, ಪೆಲೆಟ್ ನಡೆಯುತ್ತದೆ. ಗ್ಯಾಸ್ ಮತ್ತು ಕರೆಂಟಿನ ಶಾಖ ನಡೆಯುವುದಿಲ್ಲ. ಸ್ಪರ್ಧೆಗೊಂದು ನಿಯಮ ಬೇಕು, ಓಟದ ಪಂದ್ಯಕ್ಕೆ ಸೈಕಲ್ ತರಬೇಡಿ ಎಂದಂತೆ, ಅದರಲ್ಲಿ ತಪ್ಪಿಲ್ಲ. ಆದರೆ ಪೆಲೆಟ್ ಯಂತ್ರ ಹೇಗೆ ಕೆಲಸ ಮಾಡುತ್ತದೆ ನೋಡಿ. ಕರೆಂಟಿನ ಮೋಟಾರು ಪೆಲೆಟ್ಟುಗಳನ್ನು ತಿರುಪಿನಿಂದ ತಳ್ಳುತ್ತದೆ, ಕರೆಂಟಿನ ಫ್ಯಾನು ಗಾಳಿ ಊದುತ್ತದೆ, ಥರ್ಮೋಸ್ಟಾಟ್ ಲೆಕ್ಕ ಇಡುತ್ತದೆ. ಯಜಮಾನರು ಮಲಗಿರುತ್ತಾರೆ. ಅದೂ ನಮ್ಮ ಪೆಟ್ಟಿಗೆಯಷ್ಟೇ ಸೋಮಾರಿಗಳ ಯಂತ್ರ. ಸ್ಪರ್ಧೆಯ ಹೊರಗೆ, ಹಿತ್ತಲುಗಳಲ್ಲೂ, ಅದಕ್ಕೆ ಪಂಕ್ತಿಯಲ್ಲಿ ಜಾಗ ಸಿಕ್ಕಿದೆ. ಹಾಗಾದರೆ ನಿಷ್ಠಾವಂತರು ಹೇಳುವಂತೆ 'ಬೆಂಕಿಯ ಬಳಿ ಕೂತು ಕಾಯುವುದು' ನಿಜವಾದ ಅಳತೆಗೋಲಲ್ಲ. ಹೆಸರುಳ್ಳ ಪೆಲೆಟ್ ಯಂತ್ರಕ್ಕೆ ಸಾವಿರ ಡಾಲರಿನ ಆಚೀಚೆ ಬೆಲೆ. ಸಾಧಾರಣ ಎಲೆಕ್ಟ್ರಿಕ್ ಪೆಟ್ಟಿಗೆ ಇನ್ನೂರು ಮುನ್ನೂರಕ್ಕೆ ಸಿಗುತ್ತದೆ. ನಗು ಯಾವುದರ ಮೇಲೆ ಬೀಳುತ್ತದೆ ಎನ್ನುವುದನ್ನು ಗಮನಿಸಿದರೆ ಸಾಕು.

ಜಾಗದ ಮಾತೂ ಹಾಗೆಯೇ. ಅಮೆರಿಕದ ಎಷ್ಟೋ ಊರುಗಳು ಅಳವಡಿಸಿಕೊಂಡಿರುವ ಅಗ್ನಿ ಸುರಕ್ಷತಾ ನಿಯಮದ ಪ್ರಕಾರ, ಮರದ ಬಾಲ್ಕನಿಯ ಮೇಲೆ ಅಥವಾ ಉರಿಯಬಲ್ಲ ಕಟ್ಟಡದಿಂದ ಹತ್ತು ಅಡಿಯೊಳಗೆ ಇದ್ದಿಲ ಒಲೆ, ತೆರೆದ ಬೆಂಕಿಯ ಒಲೆ ಇಡುವಂತಿಲ್ಲ. ಒಂದೋ ಎರಡೋ ಕುಟುಂಬಗಳಿರುವ ಸ್ವತಂತ್ರ ಮನೆಗಳಿಗೆ ಈ ನಿಯಮದಿಂದ ವಿನಾಯಿತಿ. ನಿಯಮ ಸರಿಯಾದದ್ದೇ, ಒಬ್ಬರ ಕಿಡಿಗೆ ಹತ್ತು ಮನೆ ಸುಡಬಾರದು. ಆದರೆ ಅದರ ಫಲವೇನು? ಕಟ್ಟಿಗೆ ಉರಿಸುವ 'ಅಸಲಿ' ಬಾರ್ಬೆಕ್ಯೂ ಮಾಡಲು ಮೊದಲು ಹಿತ್ತಲು ಬೇಕು, ಹಿತ್ತಲಿಗೆ ಮನೆ ಬೇಕು. ಜೊತೆಗೆ ಸೌದೆ ಒಟ್ಟಲು ಜಾಗ, ಅರ್ಧ ಗಂಟೆಗೋ ಮುಕ್ಕಾಲು ಗಂಟೆಗೋ ಒಂದು ತುಂಡು ಸೇರಿಸುತ್ತ ಕೂರಲು ಹನ್ನೆರಡು ಗಂಟೆಯ ಬಿಡುವು. ಶನಿವಾರವೂ ಪಾಳಿ ಇರುವ ನರ್ಸ್, ಉತ್ತರಪತ್ರಿಕೆ ತಿದ್ದುವ ಸಂಶೋಧನಾ ವಿದ್ಯಾರ್ಥಿ, ಮೂರನೇ ಮಹಡಿಯ ಬಾಡಿಗೆದಾರರು ಇವರೆಲ್ಲ ಈ ಲೆಕ್ಕದಲ್ಲಿ ಹುಟ್ಟಿನಿಂದಲೇ ನಕಲಿಗಳು. ಆಸ್ತಿ ಮತ್ತು ಬಿಡುವನ್ನು ನಾಲಗೆಯ ಶುದ್ಧಿ ಎಂದು ಕರೆದುಕೊಳ್ಳುವ ಈ ಚಾಲಾಕಿ ನಮಗೇನೂ ಹೊಸದಲ್ಲ.

ಇನ್ನು ರಾತ್ರಿಯಿಡೀ ಬೆಂಕಿ ಕಾಯುವುದರ ಪಾವಿತ್ರ್ಯಕ್ಕೆ ಬರೋಣ. ಬಾರ್ಬೆಕ್ಯೂ ಎನ್ನುವ ಪದ ಸ್ಪ್ಯಾನಿಷ್ ಬಾರ್ಬಕೋವಾದ ಮೂಲಕ, ಕೆರಿಬಿಯನ್ ದ್ವೀಪಗಳ ತಾಯ್ನೋ ಜನರಿಂದ ಬಂದದ್ದು. ಅಮೆರಿಕದ ದಕ್ಷಿಣದಲ್ಲಿ ಅದು ಬೆಳೆದದ್ದು ತೋಟಗಳ ಗುಲಾಮಗಿರಿಯ ನಡುವೆ. ನೆಲದಲ್ಲಿ ಕಂದಕ ತೋಡಿ, ಮರ ಕಡಿದು, ಕೆಂಡ ಮಾಡಿ, ರಾತ್ರಿಯೆಲ್ಲ ಹಂದಿ ಕುರಿಗಳನ್ನು ತಿರುವಿದವರು ಬಹುಪಾಲು ಗುಲಾಮರಾಗಿದ್ದ ಕಪ್ಪು ಜನ. 1824ರಲ್ಲಿ ಪ್ರಕಟವಾದ ಮೇರಿ ರಾಂಡಾಲ್ಫ್‌ಳ 'ದ ವರ್ಜೀನಿಯಾ ಹೌಸ್‌ವೈಫ್' ಪುಸ್ತಕದಲ್ಲಿ ಎಳೆಯ ಹಂದಿಯ ಬಾರ್ಬೆಕ್ಯೂ ಮಾಡುವ ವಿಧಾನವಿದೆ. ಆಕೆಯ ಮನೆಯಲ್ಲಿ ಗುಲಾಮರಿದ್ದರು. ಪುಸ್ತಕದ ಮೇಲೆ ಒಡತಿಯ ಹೆಸರಿದೆ, ಒಲೆಯ ಮುಂದೆ ಬೆವರಿದವರ ಹೆಸರಿಲ್ಲ. ಅಡುಗೆಯ ಬರವಣಿಗೆಯಲ್ಲಿ ಕ್ರಿಯಾಪದಗಳಿಗೆ ಕರ್ತೃವೇ ಇರುವುದಿಲ್ಲ: ಹಚ್ಚಿ, ಬೇಯಿಸಿ, ತಿರುವಿ. ಯಾರು?

ಆ ಯಾರು ಎನ್ನುವುದು 1930ರ ದಶಕದಲ್ಲಿ ತುಸು ಕೇಳಿಸಿತು. ಅಮೆರಿಕ ಸರ್ಕಾರದ ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ಅಡಿಯಲ್ಲಿ, ಹಿಂದೆ ಗುಲಾಮರಾಗಿದ್ದು ಇನ್ನೂ ಬದುಕಿದ್ದವರ ನೆನಪುಗಳನ್ನು ಬರೆದುಕೊಂಡರು. ಅವರಲ್ಲಿ ದಕ್ಷಿಣ ಕೆರೊಲಿನಾದ, ತೊಂಬತ್ತು ದಾಟಿದ ವೆಸ್ಲಿ ಜೋನ್ಸ್ ಒಬ್ಬರು. ಬಾರ್ಬೆಕ್ಯೂವಿನ ಹಿಂದಿನ ರಾತ್ರಿಯೆಲ್ಲ ತಾನು ಎಚ್ಚರವಿದ್ದು ಮಾಂಸಕ್ಕೆ ವಿನೆಗರ್, ಮೆಣಸು, ಉಪ್ಪು, ಬೆಣ್ಣೆ, ಈರುಳ್ಳಿ, ಬೆಳ್ಳುಳ್ಳಿ ಸೇರಿಸಿದ ಸಾರ ಸವರುತ್ತಿದ್ದುದನ್ನು ಅವರು ಹೇಳಿದ್ದಾರೆ. ಆ ಮಾತಿನಲ್ಲಿ ಹದ ಬಲ್ಲವನ ಹೆಮ್ಮೆ ಇದೆ. ನಿದ್ದೆಗೆಡುವುದಕ್ಕೆ ಅವರ ಒಪ್ಪಿಗೆ ಕೇಳಿದವರು ಮಾತ್ರ ಯಾರೂ ಇರಲಿಲ್ಲ. ಇವತ್ತು ವಾರಾಂತ್ಯದ ಹವ್ಯಾಸಿ, ಕೈಯಲ್ಲಿ ಬಿಯರ್ ಹಿಡಿದು ಅದೇ ನಿದ್ದೆಗೇಡನ್ನು ಪರಂಪರೆ ಎನ್ನುತ್ತಾನೆ. ಅವನ ಜಾಗರಣೆ ಇಷ್ಟಪಟ್ಟು ಮಾಡಿದ್ದು. ವೆಸ್ಲಿ ಜೋನ್ಸರದ್ದು ಅಲ್ಲ. ಎರಡಕ್ಕೂ ಒಂದೇ ಹೆಸರಿಟ್ಟು, ಬಟನ್ ಒತ್ತಿ ಮಲಗಿದವಳನ್ನು ಮೋಸಗಾತಿ ಎನ್ನುವುದು ಚರಿತ್ರೆಯನ್ನು ಓದದವರ ಧೈರ್ಯ.

ಇಲ್ಲಿ ನನಗೊಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ. ಕಟ್ಟಿಗೆಯ ಬೆಂಕಿಯನ್ನು ಇಂದಿಗೂ ಬಿಡದೆ ಕಾಪಾಡುತ್ತಿರುವವರಲ್ಲಿ ಕಪ್ಪು ಪಿಟ್‌ಮಾಸ್ಟರುಗಳೇ ಮುಖ್ಯರು, ಅವರ ಕಲೆಯನ್ನು ನೀನು ಬರಿಯ ಶ್ರಮ ಎಂದು ಕೀಳುಗಳೆಯುತ್ತಿಲ್ಲವೆ? ಇಲ್ಲ. ಇಡೀ ಹಂದಿಯನ್ನು ಕೆಂಡದ ಮೇಲೆ ಬೇಯಿಸುವ ದಕ್ಷಿಣ ಕೆರೊಲಿನಾದ ರಾಡ್ನಿ ಸ್ಕಾಟ್ ಅವರಿಗೆ 2018ರಲ್ಲಿ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು. ಅಂಥವರ ಕೈಯ ಜ್ಞಾನಕ್ಕೆ ನಾನು ತಲೆಬಾಗುತ್ತೇನೆ, ಅವರ ಅಂಗಡಿಗಳಲ್ಲಿ ದುಡ್ಡು ಕೊಟ್ಟು ತಿನ್ನಬೇಕು ಎನ್ನುತ್ತೇನೆ. ಏಡ್ರಿಯನ್ ಮಿಲ್ಲರ್ 2021ರಲ್ಲಿ 'ಬ್ಲ್ಯಾಕ್ ಸ್ಮೋಕ್' ಎಂಬ ಇಡೀ ಪುಸ್ತಕ ಬರೆದು ಕಪ್ಪು ಜನರನ್ನು ಬಾರ್ಬೆಕ್ಯೂ ಚರಿತ್ರೆಗೆ ಮರಳಿಸಬೇಕಾಯಿತು ಎನ್ನುವುದೇ, ಈ ಪಂಕ್ತಿಯ ಯಜಮಾನಿಕೆ ಯಾರ ಕೈಯಲ್ಲಿತ್ತು ಎಂಬುದಕ್ಕೆ ಸಾಕ್ಷಿ. ಕುಶಲಕರ್ಮಿಯ ಕಸುಬಿನೊಂದಿಗೆ ನನಗೆ ಜಗಳವಿಲ್ಲ. ಆ ಕಸುಬನ್ನು ಎರವಲು ತಂದು, ಮನೆಯಲ್ಲಿ ರಾತ್ರಿಯೂಟಕ್ಕೆ ಮಾಂಸ ಹೊಗೆಗಿಡುವವರೆಲ್ಲರ ತಲೆಯ ಮೇಲೆ ಮೊಟಕುವ ಹವ್ಯಾಸಿಗಳೊಂದಿಗೆ ಇದೆ. ಕೈಮಗ್ಗದ ನೇಕಾರರನ್ನು ಗೌರವಿಸುವುದಕ್ಕೆ ಮಿಲ್ ಬಟ್ಟೆ ತೊಟ್ಟವರನ್ನು ಬೆತ್ತಲೆ ಎನ್ನಬೇಕಾಗಿಲ್ಲ.

ಕುಶಲತೆ ಎಲೆಕ್ಟ್ರಿಕ್ ಪೆಟ್ಟಿಗೆಯಲ್ಲಿ ಸಾಯುತ್ತದೆ ಎನ್ನುವುದೂ ಸುಳ್ಳು. ಅದು ಬೇರೆ ಕಡೆಗೆ ಸರಿಯುತ್ತದೆ, ಮತ್ತು ಕೊಳ್ಳುವಾಗಲೇ ಶುರುವಾಗುತ್ತದೆ. ಅಂಗಡಿಯಲ್ಲಿ '30 ಇಂಚು' ಎಂದು ಬರೆದಿದ್ದರೆ ಅದು ಪೆಟ್ಟಿಗೆಯ ಎತ್ತರ, ಜಾಲರಿಯ ಅಗಲವಲ್ಲ. ಇಡೀ ಬ್ರಿಸ್ಕೆಟ್ ಅದರಲ್ಲಿ ಹಿಡಿಸುವುದಿಲ್ಲ, ಎರಡು ತುಂಡು ಮಾಡಬೇಕು. 800 ವಾಟ್ ಕಾಯಿಲ್ ಸಣ್ಣ ಪೆಟ್ಟಿಗೆಗೆ ಸಾಕು, ಆದರೆ ಗೋಡೆಯ ಪದರ ತೆಳುವಾಗಿದ್ದರೆ ಚಳಿಗಾಲದಲ್ಲಿ ಏದುಸಿರು ಬಿಡುತ್ತದೆ. ಆದ್ದರಿಂದ ವಾಟ್‌ಗಿಂತ ಮೊದಲು ಬಾಗಿಲಿನ ರಬ್ಬರ್ ಪಟ್ಟಿ, ಗೋಡೆಯ ದಪ್ಪ ನೋಡಿ. ಮರದ ಚೂರನ್ನು ಬಾಗಿಲು ತೆರೆಯದೆ ಹೊರಗಿನಿಂದಲೇ ತುಂಬುವ ವ್ಯವಸ್ಥೆ ಇರಲೇಬೇಕು, ಬಾಗಿಲು ತೆಗೆದಾಗಲೆಲ್ಲ ಶಾಖವೂ ಹೊಗೆಯೂ ಹಾರಿಹೋಗುತ್ತದೆ. ಜಿಡ್ಡು ಇಳಿಯುವ ತಟ್ಟೆ ಕಳಚಿ ತೊಳೆಯುವಂತಿರಲಿ. ಕೆಟ್ಟರೆ ಕಾಯಿಲ್ ಬೇರೆ ಸಿಗುತ್ತದೆಯೇ ಎಂದು ಕೇಳಿ. ಫೋನಿನಿಂದ ನಡೆಸುವ ಸೌಲಭ್ಯಕ್ಕೆ ಹೆಚ್ಚು ದುಡ್ಡು ಕೊಡಬೇಡಿ; ಅದೇ ದುಡ್ಡಿಗೆ ಮಾಂಸಕ್ಕೆ ಚುಚ್ಚುವ ಒಂದು ಒಳ್ಳೆಯ ಥರ್ಮಾಮೀಟರ್ ಬರುತ್ತದೆ. ಪೆಟ್ಟಿಗೆಯ ಬಾಗಿಲ ಮೇಲಿನ ಅಂಕಿಯನ್ನು ನಂಬುವುದಕ್ಕಿಂತ ಅದನ್ನು ನಂಬುವುದು ಮೇಲು.

ಆಮೇಲಿನದು ಕೈಯ ಹದ. ಚೂರುಗಳನ್ನು ನೀರಲ್ಲಿ ನೆನೆಸಿದರೆ ಮೊದಲು ಬರುವುದು ಹೊಗೆಯಲ್ಲ, ಹಬೆ. ಒಣ ಚೂರನ್ನೇ ಹಾಕಬೇಕು. ಒಮ್ಮೆಗೇ ತಟ್ಟೆ ತುಂಬಿದರೆ ದಟ್ಟ ಬಿಳಿ ಹೊಗೆ ಎದ್ದು ಮಾಂಸ ಕಹಿಯಾಗುತ್ತದೆ. ಒಂದೊಂದೇ ಹಿಡಿ, ಮೊದಲ ಮೂರು ನಾಲ್ಕು ಗಂಟೆ, ಮುಕ್ಕಾಲು ಗಂಟೆಗೊಮ್ಮೆ. ಮೆಸ್ಕೀಟ್ ಮರದ ಹೊಗೆ ಖಡಕ್ಕು, ಸೇಬಿನ ಮರದ್ದು ಮೃದು. ಮಾಂಸದ ಒಳಗಿನ ಶಾಖ ಸುಮಾರು 70 ಡಿಗ್ರಿಗೆ ಬಂದು ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತದೆ, ಮೇಲ್ಮೈಯ ನೀರು ಆವಿಯಾಗುತ್ತ ಮಾಂಸವನ್ನು ತಣಿಸುವುದರಿಂದ. ಆಗ ಗಾಬರಿಯಾಗಿ ಗುಂಡಿ ತಿರುಗಿಸಬಾರದು. 93ರ ಆಸುಪಾಸಿಗೆ ಬಂದಾಗ ಕಡ್ಡಿ ಬೆಣ್ಣೆಗೆ ಇಳಿದಂತೆ ಇಳಿಯಬೇಕು. ಇಂಥ ಪೆಟ್ಟಿಗೆಗಳು ಹೆಚ್ಚಾಗಿ 135 ಡಿಗ್ರಿಗೆ ನಿಲ್ಲುವುದರಿಂದ ಕೋಳಿಯ ಚರ್ಮ ಗರಿಯಾಗುವುದಿಲ್ಲ. ಕೊನೆಗೆ ಹತ್ತು ನಿಮಿಷ ಓವನ್ನಿಗೆ ಇಡಬೇಕು. ಕೋಳಿ ಒಳಗೆ 74 ಡಿಗ್ರಿ ಮುಟ್ಟದೆ ತಿನ್ನಲೇಬಾರದು. ಕರೆಂಟಿನ ಖರ್ಚು? 800 ವಾಟ್ ಕಾಯಿಲ್ ಹತ್ತು ಗಂಟೆ ಬಿಡದೆ ಉರಿದರೂ ಎಂಟು ಯೂನಿಟ್, ಥರ್ಮೋಸ್ಟಾಟ್ ನಡುನಡುವೆ ಆರಿಸುವುದರಿಂದ ಅದಕ್ಕಿಂತ ಕಡಿಮೆ. ಒಂದು ಎಚ್ಚರಿಕೆ: ಕರೆಂಟಿನದ್ದೆಂದು ಮನೆಯೊಳಗೆ ಇಡಬೇಡಿ. ಕನಲುವ ಮರ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಬಾಡಿಗೆ ಕರಾರನ್ನೂ ಓದಿಕೊಳ್ಳಿ, ಕೆಲವು ಕಡೆ ಇದಕ್ಕೂ ಒಪ್ಪುವುದಿಲ್ಲ. ಇಷ್ಟನ್ನೂ ತಿಳಿದು ಮಾಡುವುದನ್ನು ಅಡುಗೆ ಎನ್ನದೆ ಬೇರೇನೆನ್ನಬೇಕು?

ಟೆಕ್ಸಸ್ಸಿನ ಈ ಜಗಳವನ್ನು ಕನ್ನಡದಲ್ಲಿ ಏಕೆ ಬರೆಯುತ್ತಿದ್ದೇನೆ ಎಂದು ನೀವು ಕೇಳಬಹುದು. ಕಾರಣ, ಇದೇ ಮಾತನ್ನು ನಾನು ಕನ್ನಡದಲ್ಲೇ ಮೊದಲು ಕೇಳಿದ್ದು. 'ಸೌದೆ ಒಲೆಯ ಊಟ' ಎಂಬ ಬೋರ್ಡು ಇವತ್ತು ನಮ್ಮ ಹೆದ್ದಾರಿಗಳಲ್ಲಿ ಜನರನ್ನು ಕರೆಯುತ್ತದೆ. ಬಾಲ್ಯದ ಪ್ರಬಂಧಗಳಲ್ಲಿ ಒಲೆಯ ರೊಟ್ಟಿ, ಬಚ್ಚಲ ಒಲೆಯ ಬೂದಿಯಲ್ಲಿ ಸುಟ್ಟ ಗೆಣಸು, ಕೆಂಡದ ಮೇಲಿನ ಬದನೆಕಾಯಿಯ ಗೊಜ್ಜು ಇಲ್ಲದಿದ್ದರೆ ಪ್ರಬಂಧ ಪೂರ್ತಿಯಾಗುವುದಿಲ್ಲ. ಆ ರುಚಿ ನನಗೂ ಗೊತ್ತು. ಮಲೆನಾಡಿನ ನಮ್ಮ ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಹಿಡಿಯದ ವಸ್ತುವೇ ಇರಲಿಲ್ಲ. ಆದರೆ ಆ ಪ್ರಬಂಧಗಳಲ್ಲಿ ಊದುಗೊಳವೆ ಹಿಡಿದವಳು ಎಲ್ಲಿ? ಮಳೆಗಾಲದ ಹಸಿ ಸೌದೆಗೆ ಬಾಗಿ, ಕಣ್ಣೊರೆಸುತ್ತ ಊದುತ್ತಿದ್ದವಳು ಆ ರುಚಿಯ ಬಗ್ಗೆ ಪ್ರಬಂಧ ಬರೆದದ್ದು ಅಪರೂಪ. ನಾನು ನನ್ನ ಅಮ್ಮನನ್ನು ಕೇಳಿದೆ. "ಗ್ಯಾಸ್ ಬಂದ ದಿನ ನೆನಪಿದೆ, ಒಲೆಯ ರುಚಿ ನೆನಪಿಲ್ಲ" ಎಂದಳು.

1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಎಂಬ ವಿಜ್ಞಾನಿ ಭಾರತೀಯ ಸಹೋದ್ಯೋಗಿಗಳೊಂದಿಗೆ ಗುಜರಾತಿನ ಹಳ್ಳಿಗಳಲ್ಲಿ, ಒಲೆ ಮುಂದೆ ಕೂತ ಹೆಂಗಸರು ಎಷ್ಟು ಹೊಗೆ ಕುಡಿಯುತ್ತಾರೆ ಎಂದು ಅಳೆದರು. ಅದಕ್ಕೂ ಮೊದಲು ಹೊಗೆಯ ಮಾಲಿನ್ಯವೆಂದರೆ ಕಾರ್ಖಾನೆ, ಬಸ್ಸು ಎಂದೇ ಎಲ್ಲರ ಯೋಚನೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರ, ಹೊಗೆ ಕೊಳವೆಯಿಂದ ಹೊರಹೋಗುವ, ಕಡಿಮೆ ಸೌದೆ ಬೇಡುವ ಅಸ್ತ್ರ ಒಲೆಯನ್ನು ರೂಪಿಸಿತು. ಕರ್ನಾಟಕದ ಎಷ್ಟೋ ಅಡುಗೆಮನೆಗಳಿಗೆ ಅದು ಬಂತು. ನಮ್ಮ ಸಾಹಿತ್ಯ ಆ ಒಲೆಯ ಬಗ್ಗೆ ಎಷ್ಟು ಬರೆದಿದೆ, ಹಳೆಯ ಒಲೆಯ ಬಗ್ಗೆ ಎಷ್ಟು ಬರೆದಿದೆ, ಹೋಲಿಸಿ ನೋಡಿ.

ಎಲೆಕ್ಟ್ರಿಕ್ ಪೆಟ್ಟಿಗೆ ನಿರಪರಾಧಿ ಎಂದು ನಾನು ವಾದಿಸುತ್ತಿಲ್ಲ. ಅದರ ಕರೆಂಟು ಎಲ್ಲೋ ಕಲ್ಲಿದ್ದಲನ್ನೋ ಅನಿಲವನ್ನೋ ಉರಿಸಿ ಬಂದಿರಬಹುದು. ಕನಲಿದ ಮರದ ಹೊಗೆಯಲ್ಲೂ ಕ್ಯಾನ್ಸರಿಗೆ ಕಾರಣವಾಗಬಲ್ಲ ಅಂಶಗಳಿವೆ. ಹೊಗೆಯ ಮಾಂಸ ದಿನವೂ ತಿನ್ನುವ ವಸ್ತುವಲ್ಲ. ಐವತ್ತು ಜನರ ಮದುವೆಯೂಟಕ್ಕೆ ಅದು ಸಾಲದು. ಹಿತ್ತಲೂ ಬಿಡುವೂ ಇದ್ದು ಬೆಂಕಿಯ ಜೊತೆ ಕೂರುವ ಖುಷಿ ಬೇಕೆನ್ನುವವರು ಕಟ್ಟಿಗೆಯನ್ನೇ ಆರಿಸಿಕೊಳ್ಳಲಿ, ಅದು ಅವರ ಸಂತೋಷ. ಅವರು ಕರೆದರೆ ಹೋಗಿ ಉಂಡು ಬರುತ್ತೇನೆ.

ನನ್ನ ತಕರಾರು ಇಷ್ಟೇ: ಯಾವುದೇ ರುಚಿಯನ್ನು 'ಅಸಲಿ' ಎನ್ನುವ ಮೊದಲು, ಆ ಅಸಲಿತನಕ್ಕೆ ಬೆಲೆ ತೆತ್ತವರು ಯಾರು ಎಂದು ಕೇಳಿ. ಯಾರ ನಿದ್ದೆ, ಯಾರ ಕಣ್ಣು, ಯಾರ ಶ್ವಾಸಕೋಶ? ಉತ್ತರ 'ನನ್ನದೇ' ಎಂದಾದರೆ ನಿಮ್ಮ ಹೆಮ್ಮೆಗೆ ಅರ್ಥವಿದೆ. ಬೇರೆಯವರದಾದರೆ ಆ ಬೇರೆಯವರು ಬಟನ್ ಒತ್ತಿ ಮಲಗುವ ದಿನ ಬಂದಾಗ ರುಚಿ ಕೆಟ್ಟಿತು ಎಂದು ಗೊಣಗುವ ಹಕ್ಕು ನಿಮಗಿಲ್ಲ. ಹೊಗೆಯ ರುಚಿ ಹಿತ್ತಲಿದ್ದವರ ಸ್ವತ್ತಲ್ಲ. ನಮ್ಮ ಸಿಮೆಂಟಿನ ಜಾಗದಲ್ಲಿ ಈ ಶನಿವಾರ ಹಂದಿಯ ಭುಜ, ಅದರ ಕೆಳಗಿನ ಜಾಲರಿಯಲ್ಲಲ್ಲ, ಮೇಲಿನದರಲ್ಲಿ, ಮಾಂಸ ತಿನ್ನದ ಗೆಳತಿಗಾಗಿ ನಾಲ್ಕು ಬದನೆಕಾಯಿ ಇರುತ್ತವೆ. ಒಂಬತ್ತಕ್ಕೆ ಗುಂಡಿ ಒತ್ತಿ, ಮೊದಲ ನಾಲ್ಕು ಗಂಟೆ ಚೂರು ಹಾಕಿ, ಆಮೇಲೆ ನಾನು ಲೈಬ್ರರಿಗೆ ಹೋಗುತ್ತೇನೆ.